ಡ್ಯೂಕನ ತಲೆಯ ಮೇಲಿನ ಕಿತ್ತಳೆ ಟೊಪ್ಪಿ

(ಶ್ರೀರಂಗಪಟ್ಟಣದ ಒಂದು ಮನೆಯ ಜಗಲಿ. ಮಾತಾಡುವವರು ನಿವೃತ್ತ ಇತಿಹಾಸ ಮೇಷ್ಟ್ರು ಮತ್ತು ಅವರ ಹಳೆಯ ವಿದ್ಯಾರ್ಥಿನಿ. ಆಕೆ ಸ್ಕಾಟ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದು ಬಂದವರು.)

— ಕೋಟೆ ನೋಡಿದೆ, ಸರೋವರ ನೋಡಿದೆ, ಮಂಜು ನೋಡಿದೆ ಅಂತ ಶುರು ಮಾಡಬೇಡಮ್ಮ. ಹೋಗಿ ಬಂದೋರೆಲ್ಲ ಅದನ್ನೇ ಫೋನಿನಲ್ಲಿ ತೋರಿಸಿ ನನ್ನ ಕಣ್ಣು ನೋಯಿಸಿದ್ದಾರೆ. ನಗು ಬರೋ ಅಂಥದ್ದು ಏನಾದರೂ ಕಂಡಿದ್ದರೆ ಹೇಳು.

— ಹಾಗಾದರೆ ಒಬ್ಬ ಮೇಜರ್ ಜನರಲ್ಲಿಂದಲೇ ಶುರು ಮಾಡ್ತೀನಿ ಮೇಷ್ಟ್ರೇ. ಇರೋದು ಎಡಿನ್‌ಬರೋದಲ್ಲಿ, ಸೇರಿದ್ದು ನಾರ್ವೆ ರಾಜನ ಕಾವಲು ಪಡೆಗೆ. ಹೆಸರು ಸರ್ ನಿಲ್ಸ್ ಓಲಾವ್. ನಾನು ನೋಡೋಕೆ ಹೋದಾಗ ಕೊಳದ ಪಕ್ಕ ನಿಂತು ರೆಕ್ಕೆ ಒದರ್ತಾ ಇದ್ದರು.

— ರೆಕ್ಕೆನಾ?

— ಪೆಂಗ್ವಿನ್ ಮೇಷ್ಟ್ರೇ! ಅಲ್ಲಿನ ಮೃಗಾಲಯದ ಪೆಂಗ್ವಿನ್. ಎಡಿನ್‌ಬರೋ ಕೋಟೆಯ ಮುಂದೆ ಪ್ರತಿ ವರ್ಷ ಮಿಲಿಟರಿ ಬ್ಯಾಂಡಿನ ದೊಡ್ಡ ಉತ್ಸವ ನಡೆಯುತ್ತೆ. 1961ರಲ್ಲಿ ಅದಕ್ಕೆ ಬಂದಿದ್ದ ನಾರ್ವೆಯ ಒಬ್ಬ ಲೆಫ್ಟಿನೆಂಟಿಗೆ ಈ ಪಕ್ಷಿಗಳ ಮೇಲೆ ಮನಸ್ಸಾಯ್ತಂತೆ. 1972ರಲ್ಲಿ ಪಡೆ ಮತ್ತೆ ಬಂದಾಗ ಒಂದು ಪೆಂಗ್ವಿನ್ನನ್ನು ದತ್ತು ತಗೊಂಡು, ಆ ಲೆಫ್ಟಿನೆಂಟನ ಹೆಸರನ್ನೂ ಆಗಿನ ರಾಜ ಓಲಾವನ ಹೆಸರನ್ನೂ ಸೇರಿಸಿ ನಾಮಕರಣ ಮಾಡಿದರು. ಕೆಲಸಕ್ಕೆ ಸೇರಿಸಿಕೊಂಡಿದ್ದು ತೀರಾ ಕೆಳಗಿನ ದರ್ಜೆಯಲ್ಲಿ. ಆಮೇಲೆ ಬಡ್ತಿ ಮೇಲೆ ಬಡ್ತಿ. 2008ರಲ್ಲಿ ನೈಟ್ ಪದವಿ, 2016ರಲ್ಲಿ ಬ್ರಿಗೇಡಿಯರ್, 2023ರಲ್ಲಿ ಮೇಜರ್ ಜನರಲ್. ಜೊತೆಗೆ ದಕ್ಷಿಣ ಅಟ್ಲಾಂಟಿಕ್ಕಿನಲ್ಲಿರೋ ಬೂವೆ ಅನ್ನೋ ನಾರ್ವೆಯ ನಿರ್ಜನ ದ್ವೀಪಕ್ಕೆ ಬ್ಯಾರನ್ ಬೇರೆ.

— 1972ರ ಪಕ್ಷಿ ಇನ್ನೂ ಬದುಕಿದೆಯೇ?

— ಇಲ್ಲ, ಇದು ಮೂರನೆಯದು. ಒಂದು ಹೋದರೆ ಅದರ ಹೆಸರು, ದರ್ಜೆ ಎಲ್ಲ ಮುಂದಿನದಕ್ಕೆ ಬರುತ್ತೆ.

— ವಂಶಪಾರಂಪರ್ಯ! ಶಾನುಭೋಗಿಕೆ ಇದ್ದ ಹಾಗಾಯ್ತು. ನಮ್ಮಲ್ಲಿ ಅದನ್ನ ತೆಗೆದು ಎಷ್ಟೋ ಕಾಲವಾಯ್ತು.

— ಪದವಿ ಕೊಡೋ ದಿನ ನಾರ್ವೆಯ ಸೈನಿಕರು ಸಮವಸ್ತ್ರದಲ್ಲಿ ಸಾಲಾಗಿ ನಿಲ್ತಾರೆ. ಪೆಂಗ್ವಿನ್ ಆ ಸಾಲಿನ ಮುಂದೆ ವಾಲಾಡಿಕೊಂಡು ನಡೆಯುತ್ತೆ, ಪರಿವೀಕ್ಷಣೆ ಮಾಡೋ ಹಾಗೆ. ಒಬ್ಬ ಸೈನಿಕನ ಮುಖದಲ್ಲೂ ನಗು ಇರೋಲ್ಲ. ಆ ವಿಡಿಯೋ ನಾನು ಮತ್ತೆ ಮತ್ತೆ ನೋಡಿದ್ದೀನಿ. ಪೆಂಗ್ವಿನ್ನಿಗಿಂತ ಹೆಚ್ಚು ನಗು ಬಂದಿದ್ದು ಆ ಸೈನಿಕರ ಗಾಂಭೀರ್ಯ ನೋಡಿ.

— ಸೈನ್ಯಕ್ಕೆ ಬೇರೆ ಕೆಲಸ ಇಲ್ಲ ಅಂತ ಅನ್ನಿಸಲಿಲ್ವಾ?

— ಅನ್ನಿಸ್ತಿತ್ತೇನೋ. ಆದರೆ ಅದೇ ಊರಿನ ಪ್ರಿನ್ಸೆಸ್ ಸ್ಟ್ರೀಟ್ ಉದ್ಯಾನದಲ್ಲಿ ಒಂದು ಕರಡಿಯ ಪ್ರತಿಮೆ ಇದೆ, 2015ರಲ್ಲಿ ನಿಲ್ಲಿಸಿದ್ದು. ಅದರ ಕತೆ ಕೇಳಿದ ಮೇಲೆ ಹಾಗೆ ಅನ್ನೋಕೆ ಬಾಯಿ ಬರಲಿಲ್ಲ. ವೋಯ್‌ಟೆಕ್ ಅಂತ ಅದರ ಹೆಸರು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೈನಿಕರಿಗೆ ಇರಾನಿನಲ್ಲಿ ಮರಿಯಾಗಿ ಸಿಕ್ಕಿತ್ತು. ಅವರು ಹಡಗು ಹತ್ತಿ ಇಟಲಿಗೆ ಹೊರಟಾಗ ಸಾಕುಪ್ರಾಣಿಗೆ ಪ್ರವೇಶವಿಲ್ಲ ಅಂದರಂತೆ. ಸರಿ, ಕರಡಿಯನ್ನ ಸೈನಿಕ ಅಂತಲೇ ದಾಖಲೆ ಮಾಡಿ ಹತ್ತಿಸಿಕೊಂಡರು. 1944ರಲ್ಲಿ ಮಾಂಟೆ ಕಸೀನೋ ಯುದ್ಧದಲ್ಲಿ ಅದು ಫಿರಂಗಿ ಗುಂಡಿನ ಪೆಟ್ಟಿಗೆ ಹೊತ್ತಿತು ಅಂತ ಜೊತೆಗಿದ್ದವರು ಹೇಳಿದ್ದಾರೆ. ಯುದ್ಧ ಮುಗಿದ ಮೇಲೆ ಆ ಸೈನಿಕರ ಜೊತೆ ಸ್ಕಾಟ್ಲೆಂಡಿಗೆ ಬಂತು. ಅವರಲ್ಲಿ ಬಹಳ ಜನಕ್ಕೆ ವಾಪಸ್ ಹೋಗೋಕೆ ಊರು ಉಳಿದಿರಲಿಲ್ಲ. ಕರಡಿಯನ್ನ ಮೃಗಾಲಯಕ್ಕೆ ಬಿಟ್ಟರು, 1963ರಲ್ಲಿ ಸತ್ತಿತು. ಅಲ್ಲೀ ತನಕ ಹಳೇ ಸೈನಿಕರು ಬಂದು ಬೇಲಿಯಾಚೆಯಿಂದ ಪೋಲಿಷ್ ಭಾಷೆಯಲ್ಲಿ ಮಾತಾಡಿಸಿ ಹೋಗ್ತಿದ್ದರಂತೆ.

— ಹ್ಞಂ. ಇದು ನಗೋ ವಿಷಯ ಅಲ್ಲ. ಮುಂದೆ ಹೇಳು.

— ಆ ಪ್ರತಿಮೆ ಇರೋ ಉದ್ಯಾನದಿಂದ ಹತ್ತು ನಿಮಿಷ ನಡೆದರೆ ರಾಯಲ್ ಮೈಲ್ ಬೀದಿ. ಸೇಂಟ್ ಜೈಲ್ಸ್ ಅನ್ನೋ ದೊಡ್ಡ ಚರ್ಚಿನ ಮುಂದೆ, ನೆಲದ ಕಲ್ಲುಹಾಸಿನಲ್ಲಿ ಹೃದಯದ ಆಕಾರ ಮಾಡಿದ್ದಾರೆ. ಹಾದು ಹೋಗೋರು ಅದರ ಮೇಲೆ ಥೂ ಅಂತ ಉಗುಳಿ ಹೋಗ್ತಾರೆ. ಸೂಟು ಬೂಟು ಹಾಕಿಕೊಂಡ ಹಿರಿಯರೂ ಉಗುಳಿದ್ದನ್ನ ಕಣ್ಣಾರೆ ಕಂಡೆ.

— ಚರ್ಚಿನ ಮುಂದೆ!

— ಅಲ್ಲಿ ಹಿಂದೆ ಜೈಲಿತ್ತಂತೆ, ಮರಣದಂಡನೆ ಕೊಡ್ತಿದ್ದಿದ್ದೂ ಅಲ್ಲೇ. 1817ರಲ್ಲಿ ಕೆಡವಿ, ಬಾಗಿಲಿದ್ದ ಜಾಗಕ್ಕೆ ಗುರುತಾಗಿ ಈ ಹೃದಯ. ಜೈಲಿನ ಮೇಲಿನ ಸಿಟ್ಟಿಗೆ ಶುರುವಾದದ್ದು ಅಂತಾರೆ. ಈಗ ಉಗುಳಿದರೆ ಅದೃಷ್ಟ ಬರುತ್ತೆ ಅನ್ನೋ ಮಟ್ಟಕ್ಕೆ ಬಂದಿದೆ.

— ಅಲ್ಲಿ ಉಗುಳಿದರೆ ಸಂಪ್ರದಾಯ, ಮೈಸೂರಿನಲ್ಲಿ ಉಗುಳಿದರೆ ದಂಡ. ನಾವೂ ಗೋಡೆ ಪಕ್ಕ ಒಂದೊಂದು ಹೃದಯ ಬರೆಸಿದ್ದಿದ್ದರೆ ಮರ್ಯಾದೆ ಉಳೀತಿತ್ತು.

— ಅದೇ ಬೀದಿಯಲ್ಲಿ ಡೇವಿಡ್ ಹ್ಯೂಮ್ ಪ್ರತಿಮೆ ಇದೆ. ನೀವು ಹೆಸರು ಹೇಳ್ತಿದ್ದಿರಿ.

— ತತ್ವಜ್ಞಾನಿ ಹ್ಯೂಮ್. ಪವಾಡ ಅಂದರೆ ಯಾಕೆ ನಂಬಬಾರದು ಅಂತ 1748ರಲ್ಲೇ ಬರೆದು ಪಾದ್ರಿಗಳ ಕೈಯಲ್ಲಿ ಬೈಸಿಕೊಂಡೋನು.

— ಅವನೇ. ಗ್ರೀಕರ ಹಾಗೆ ಬಟ್ಟೆ ಸುತ್ತಿಕೊಂಡು ಬರಿಗಾಲಲ್ಲಿ ಕೂತಿದ್ದಾನೆ. ಮೈಯೆಲ್ಲ ಹಸಿರುಗಟ್ಟಿದ ಕಂಚು, ಕಾಲಿನ ಹೆಬ್ಬೆರಳು ಮಾತ್ರ ಚಿನ್ನದ ಹಾಗೆ ಫಳಫಳ. ಯಾಕೆ ಅಂದರೆ, ಅದನ್ನ ಉಜ್ಜಿದರೆ ಪರೀಕ್ಷೆಯಲ್ಲಿ ಬುದ್ಧಿ ಕೈ ಕೊಡಲ್ಲ ಅಂತ ನಂಬಿಕೆ.

— ಅಯ್ಯೋ ಪಾಪ! 1976ರಲ್ಲಿ ನಮ್ಮ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದರಲ್ಲ, ಅವರದೊಂದು ಪ್ರತಿಮೆ ನಿಲ್ಲಿಸಿ, ಕಾಲಿಗೆ ಅಡ್ಡಬಿದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋದ ಹಾಗೆ. ಆದರೆ ನಿಜ ಹೇಳಮ್ಮ, ಇದೆಲ್ಲ ಪ್ರವಾಸಿಗರ ಜೇಬು ಖಾಲಿ ಮಾಡೋಕೆ ಕಟ್ಟಿದ ಕತೆ ತಾನೆ?

— ಕೆಲವು ಖಂಡಿತ ಅಂಥವೇ. ಅಲ್ಲೇ ಹತ್ತಿರ ಗ್ರೇಫ್ರಯರ್ಸ್ ಬಾಬಿ ಅನ್ನೋ ನಾಯಿಯ ಪ್ರತಿಮೆ ಇದೆ. ಯಜಮಾನನ ಗೋರಿ ಕಾದುಕೊಂಡು ವರ್ಷಗಟ್ಟಲೆ ಕೂತಿದ್ದು 1872ರಲ್ಲಿ ಸತ್ತಿತು ಅನ್ನೋದು ಅದರ ಕತೆ. ಮರುವರ್ಷವೇ ಪ್ರತಿಮೆ ನಿಂತಿತು. ಅದರ ಮೂಗು ಉಜ್ಜೋದು ಮಾತ್ರ ಇತ್ತೀಚಿನ ಪ್ರವಾಸಿಗರ ಚಾಳಿ. ಊರವರು ಯಾರೂ ಉಜ್ಜಲ್ಲ, ಉಜ್ಜೋರನ್ನ ಕಂಡರೆ ಉರಿದು ಬೀಳ್ತಾರೆ. ಮೂಗು ಸವೆದು, ಅದಕ್ಕೆ ಮತ್ತೆ ಕಪ್ಪು ಬಣ್ಣ ಹಚ್ಚಿಸಬೇಕಾಯ್ತು. ಹಾಗೆ ನೋಡಿದರೆ ಪರದೇಶದ ವಿಚಿತ್ರಗಳಲ್ಲಿ ಎರಡು ಜಾತಿ ಮೇಷ್ಟ್ರೇ. ಒಂದು ನಮಗೋಸ್ಕರ ಮಾಡಿದ್ದು. ಇನ್ನೊಂದು ನಾವು ನೋಡಿದರೂ ನೋಡದೇ ಇದ್ದರೂ ಅವರ ಪಾಡಿಗೆ ಅವರು ಮಾಡಿಕೊಂಡಿರೋದು. ಎರಡನೆಯದೇ ನಿಜವಾದ ಮಜಾ.

— ಅದಕ್ಕೊಂದು ಉದಾಹರಣೆ ಕೊಡು.

— ಕೊಡ್ತೀನಿ, ಇದು ನಿಮಗೋಸ್ಕರವೇ ಎತ್ತಿಟ್ಟುಕೊಂಡು ಬಂದದ್ದು. ಗ್ಲಾಸ್ಗೊ ನಗರದ ನಡುಮಧ್ಯೆ ಆಧುನಿಕ ಕಲೆಯ ಗ್ಯಾಲರಿ ಇದೆ. ಕಂಬಗಳ ಸಾಲಿನ ಭಾರಿ ಕಟ್ಟಡ, ಮೊದಲು ತಂಬಾಕು ವ್ಯಾಪಾರದಲ್ಲಿ ಕೊಬ್ಬಿದ ಸಾಹುಕಾರನ ಬಂಗಲೆಯಾಗಿತ್ತಂತೆ. ಅದರ ಮುಂದೆ ಕುದುರೆ ಮೇಲೆ ಕೂತ ಸೇನಾಪತಿಯ ಪ್ರತಿಮೆ. ಮಾರೊಕೆಟ್ಟಿ ಅನ್ನೋ ಶಿಲ್ಪಿ ಮಾಡಿದ್ದು, 1844ರಲ್ಲಿ ನಿಲ್ಲಿಸಿದ್ದು. ಕುದುರೆಯ ನಿಲುವೇನು, ಸವಾರನ ಗತ್ತೇನು! ತಲೆ ಮೇಲೆ ಮಾತ್ರ ರಸ್ತೆ ರಿಪೇರಿ ಮಾಡುವಾಗ ಅಡ್ಡ ಇಡ್ತಾರಲ್ಲ, ಆ ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್. ಟೊಪ್ಪಿಯ ಹಾಗೆ.

— ಯಾರ ಪ್ರತಿಮೆ?

— ಡ್ಯೂಕ್ ಆಫ್ ವೆಲಿಂಗ್ಟನ್.

— ಏನಂದೆ? ನಮ್ಮ ಆರ್ಥರ್ ವೆಲ್ಲೆಸ್ಲಿ?

— ಅವನೇ ಮೇಷ್ಟ್ರೇ. ಫೋಟೋ ನೋಡಿ.

— ಅಹಹ... ಇದನ್ನ ಮೊದಲೇ ತೋರಿಸಬಾರದಿತ್ತೇ! ಜಗತ್ತಿಗೆಲ್ಲ ಅವನು 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನ ಸೋಲಿಸಿದ ವೀರ. ನಮಗೆ ಗೊತ್ತಿರೋದು ಅದಕ್ಕೆ ಹದಿನಾರು ವರ್ಷ ಹಿಂದಿನ ಕರ್ನಲ್. 1799ರ ಏಪ್ರಿಲ್ 5ರ ರಾತ್ರಿ ಇಲ್ಲೇ ಸುಲ್ತಾನಪೇಟೆ ತೋಪಿಗೆ ನುಗ್ಗೋಕೆ ಬಂದು, ಕತ್ತಲಲ್ಲಿ ದಿಕ್ಕು ತಪ್ಪಿ, ಮೊಣಕಾಲಿಗೆ ಏಟು ಬಿದ್ದು, ಕೆಲವು ಸೈನಿಕರನ್ನ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿಸಿ ಓಡಿದ. ಮೇ 4ಕ್ಕೆ ಕೋಟೆ ಬಿತ್ತು ನೋಡು, ಆಮೇಲೆ ಪಟ್ಟಣದ ಅಧಿಕಾರ ಯಾರಿಗೆ? ಇವನಿಗೇ. ಅಣ್ಣ ಗವರ್ನರ್ ಜನರಲ್ ಆಗಿದ್ದ, ಕೇಳಬೇಕೆ! ದರಿಯಾ ದೌಲತ್ತಿನಲ್ಲಿ ವಾಸ. ಆ ಅರಮನೆಯ ಗೋಡೆ ಮೇಲೆ ಪೊಳ್ಳಿಲೂರಿನಲ್ಲಿ ಇವರದೇ ಸೈನ್ಯ 1780ರಲ್ಲಿ ಸೋತ ಚಿತ್ರ ಇದೆ. ಅದನ್ನ ನೋಡಿಕೊಂಡು ಕಾಲ ಹಾಕಿದಾನೆ. ಮರುವರ್ಷ ಬಂಡಾಯಗಾರ ಧೋಂಡಿಯಾ ವಾಘನನ್ನ ಬೆನ್ನಟ್ಟಿ ಕೊಂದ. ಅಂಥೋನ ತಲೆ ಮೇಲೆ ಇದನ್ನಿಟ್ಟೋರು ಯಾರು?

— ಯಾರು ಅಂತಿಲ್ಲ. 1980ರ ದಶಕದಿಂದ ನಡೀತಾ ಬಂದಿದೆ. ರಾತ್ರಿ ಪಬ್ಬಿನಿಂದ ಹೊರಟ ಹುಡುಗರು ಕುದುರೆ ಹತ್ತಿ ಇಟ್ಟು ಬರ್ತಾರೆ. ನಗರಸಭೆಯವರು ಇಳಿಸ್ತಾರೆ, ಬೆಳಗಾಗೋದರೊಳಗೆ ಇನ್ನೊಂದು ಬಂದಿರುತ್ತೆ. ಕೆಲವು ಸಲ ಕುದುರೆಗೂ ಒಂದು ಸಿಗುತ್ತೆ.

— ಸಾಮ್ರಾಜ್ಯಶಾಹಿಗೆ ವಿರೋಧ ಅಂತಲೋ?

— ಹಾಗಂದುಕೊಂಡರೆ ನಮಗೆ ಖುಷಿ. ಆದರೆ ಮಗಳ ಆಫೀಸಿನವರನ್ನ ಕೇಳಿದರೆ, ಅದೆಲ್ಲ ಏನಿಲ್ಲ, ಅವನು ಎತ್ತರದಲ್ಲಿ ಕೂತಿದ್ದಾನೆ, ಹತ್ತೋಕೆ ಸುಲಭ, ಅಷ್ಟೇ ಅಂದರು. 2013ರಲ್ಲಿ ನಗರಸಭೆಗೆ ಸಾಕಾಗಿ ಹೋಯ್ತು. ಒಂದು ಸಲ ಇಳಿಸೋಕೆ 100 ಪೌಂಡ್, ವರ್ಷಕ್ಕೆ 10,000 ಪೌಂಡ್ ಖರ್ಚು ಅಂತ ಲೆಕ್ಕ ಕೊಟ್ಟರು. ಪ್ರತಿಮೆಯ ಪೀಠವನ್ನೇ ಎತ್ತರಿಸಿಬಿಡೋಣ, ಆಗ ಯಾರೂ ಹತ್ತಲ್ಲ ಅಂತ 65,000 ಪೌಂಡಿನ ಯೋಜನೆ ಹಾಕಿದರು. ಸುದ್ದಿ ಹೊರಬಿದ್ದದ್ದೇ ತಡ, ಟೊಪ್ಪಿ ಉಳಿಸಿ ಅಂತ ಸಾವಿರಾರು ಜನ ಸಹಿ ಹಾಕಿದರು. ನಗರಸಭೆ ಯೋಜನೆ ಕೈಬಿಟ್ಟಿತು.

— ಇಷ್ಟು ಬೇಗ!

— ಹೂಂ. ಈಗ ಅಂಗಡಿಗಳಲ್ಲಿ ಟೊಪ್ಪಿ ಹಾಕಿದ ಡ್ಯೂಕನ ಪೋಸ್ಟ್‌ಕಾರ್ಡು ಮಾರ್ತಾರೆ. ಬ್ರಿಟನ್ನು ಯುರೋಪಿಯನ್ ಒಕ್ಕೂಟ ಬಿಟ್ಟಾಗ ಒಕ್ಕೂಟದ ಬಾವುಟದ ಹಾಗೆ ನೀಲಿ ಬಣ್ಣ ಬಳಿದು ನಕ್ಷತ್ರ ಹಚ್ಚಿದ ಕೋನ್ ಇಟ್ಟಿದ್ದರು. ಬ್ಯಾಂಕ್ಸಿ ಅಂತ, ಮುಖ ತೋರಿಸದೆ ಗೋಡೆ ಮೇಲೆ ಚಿತ್ರ ಬರೆಯೋ ಜಗತ್ಪ್ರಸಿದ್ಧ ಕಲಾವಿದ ಇದ್ದಾನಲ್ಲ, ಅವನು 2023ರಲ್ಲಿ ತನ್ನ ಪ್ರದರ್ಶನಕ್ಕೆ ಇದೇ ಗ್ಯಾಲರಿ ಆರಿಸಿಕೊಂಡ. ಕಾರಣ ಕೇಳಿದರೆ, ಈ ದೇಶದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕಲಾಕೃತಿ ಬಾಗಿಲಲ್ಲೇ ಇದೆ ಅಂದ.

— ಇದು ನಮ್ಮ ಕಡೆ ನಡೆಯೋದುಂಟೇನಮ್ಮ? ಪ್ರತಿಮೆಗೆ ಸುತ್ತ ಕಬ್ಬಿಣದ ಬೇಲಿ, ಬೇಲಿಗೆ ಬೀಗ, ಬೀಗಕ್ಕೊಬ್ಬ ಪೊಲೀಸು. ಹಾರ ಹಾಕೋಕೆ ವರ್ಷಕ್ಕೊಂದು ದಿನ. ಯಾರಾದರೂ ಇಂಥ ಟೊಪ್ಪಿ ಇಟ್ಟರೆ ಊರಿಗೆ ಊರೇ ಬಂದ್.

— ನಮ್ಮಲ್ಲಿ ಪ್ರತಿಮೆ ಅಂದರೆ ಜನರ ಮಾನ ಮೇಷ್ಟ್ರೇ. ಅವರಿಗೆ ವೆಲಿಂಗ್ಟನ್ ಈಗ ಯಾರೂ ಅಲ್ಲ, ಅವನ ಪರವಾಗಿ ನೋಯೋರು ಯಾರೂ ಇಲ್ಲ. ನೋಯೋರಿದ್ದ ಕಡೆ ಅವರೂ ಟೊಪ್ಪಿ ಇಡೋಲ್ಲ. ಅದೇ ಊರಿನ ಯುದ್ಧ ಸ್ಮಾರಕದ ಹತ್ತಿರ ಒಂದು ಕಾಗದದ ಚೂರೂ ಬಿದ್ದಿರಲಿಲ್ಲ.

— ಒಪ್ಪಿದೆ. ಈ ಫೋಟೋ ನನ್ನ ಫೋನಿಗೆ ಕಳಿಸು. ಮೈಸೂರು ಯುದ್ಧದ ಪಾಠ ಮಾಡೋರಿಗೆಲ್ಲ ಕಳಿಸ್ತೀನಿ.

— ಗ್ಲಾಸ್ಗೊದಲ್ಲೇ ಕೆಲ್ವಿನ್‌ಗ್ರೋವ್ ಅಂತ ಒಂದು ವಸ್ತುಸಂಗ್ರಹಾಲಯ ಇದೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹ್ಯಾಗಿಸ್ ಅನ್ನೋ ಪ್ರಾಣಿಯನ್ನ ತುಂಬಿ ಇಟ್ಟಿದ್ದಾರೆ. ಗುಡ್ಡದ ಸುತ್ತ ಒಂದೇ ದಿಕ್ಕಿಗೆ ಓಡಿ ಓಡಿ ಒಂದು ಪಕ್ಕದ ಕಾಲು ಗಿಡ್ಡ ಆಗಿರುತ್ತಂತೆ. ಲ್ಯಾಟಿನ್ ಹೆಸರೂ ಇದೆ.

— ಇದೆಂಥ ಪ್ರಾಣಿ?

— ಅಂಥ ಪ್ರಾಣಿಯೇ ಇಲ್ಲ. ಹ್ಯಾಗಿಸ್ ಅಂದರೆ ಕುರಿಯ ಹೃದಯ, ಯಕೃತ್ತು, ಶ್ವಾಸಕೋಶಕ್ಕೆ ಓಟ್ಸ್ ಬೆರೆಸಿ ಕುರಿಯ ಹೊಟ್ಟೆಚೀಲದಲ್ಲಿ ಬೇಯಿಸೋ ಅಡುಗೆ. ಹೊಸಬರಿಗೆ ಅದು ಗುಡ್ಡದ ಪ್ರಾಣಿ ಅಂತ ಹೇಳಿ ನಂಬಿಸೋದು ಅವರ ಹಳೇ ಆಟ. ಸರ್ಕಾರಿ ಸಂಗ್ರಹಾಲಯವೂ ಆ ಆಟಕ್ಕೆ ಸೇರಿಕೊಂಡಿದೆ. ಅಷ್ಟೇ ಯಾಕೆ, ಅವರ ರಾಷ್ಟ್ರೀಯ ಪ್ರಾಣಿಯೇ ಯುನಿಕಾರ್ನ್. ಹಣೆ ಮೇಲೆ ಒಂದೇ ಕೊಂಬಿರೋ ಕುದುರೆ. ರಾಜಲಾಂಛನದಲ್ಲಿ ಅದನ್ನ ಸರಪಳಿಯಿಂದ ಬಿಗಿದಿದ್ದಾರೆ, ಓಡಿಹೋದರೆ ಕಷ್ಟ ಅಂತಲೋ ಏನೋ!

— ಅದರಲ್ಲಿ ನಗೋಕೇನಿದೆ? ನಾನು ದಿನಾ ಹತ್ತೋ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ಎರಡು ತಲೆಯ ಗಂಡಭೇರುಂಡ ಕೂತಿದೆ. ರಾಜ್ಯದ ಲಾಂಛನದಲ್ಲೂ ಅದೇ. ಪಕ್ಷಿಗಳ ಲೆಕ್ಕ ಇಡೋರು ಅದನ್ನೂ ಎಲ್ಲಾದರೂ ಕಂಡಿದ್ದಾರೇನು?

— ಅದು ಹೊಳೆಯಲೇ ಇಲ್ಲ ನೋಡಿ. ಆದರೆ ಇದಕ್ಕೆ ಏನು ಹೇಳ್ತೀರಿ? ಎಡಿನ್‌ಬರೋ ಪಕ್ಕ ಸೌತ್ ಕ್ವೀನ್ಸ್‌ಫೆರಿ ಅಂತ ಪುಟ್ಟ ಊರು. 1890ರಲ್ಲಿ ಕಟ್ಟಿದ ಫೋರ್ತ್ ರೈಲ್ವೆ ಸೇತುವೆಯ ಬುಡದಲ್ಲೇ ಇದೆ. ಎಲ್ಲರೂ ಸೇತುವೆ ನೋಡೋಕೆ ಹೋಗ್ತಾರೆ, ನಾವೂ ಅದಕ್ಕೇ ಹೋದೆವು. ಹೋದದ್ದು ಆಗಸ್ಟಿನ ಎರಡನೇ ಶುಕ್ರವಾರ. ಬೀದಿಯಲ್ಲಿ ಒಬ್ಬ ಮನುಷ್ಯ ಬರ್ತಾ ಇದ್ದ. ಮನುಷ್ಯ ಅನ್ನೋಕೆ ಕಣ್ಣೆರಡು ಬಾಯೊಂದು ಬಿಟ್ಟರೆ ಗುರುತೇ ಇಲ್ಲ. ತಲೆಯಿಂದ ಪಾದದವರೆಗೆ ಮುಳ್ಳುಕಾಯಿ. ಹೊಲದಲ್ಲಿ ನಡೆದರೆ ಸೀರೆ ಸೆರಗಿಗೆ ಕಚ್ಚಿಕೊಂಡು ಬರುತ್ತಲ್ಲ, ಆ ತರಹದ್ದು, ಸಾವಿರಾರು. ಮುಖದ ಮೇಲೂ ಅದೇ. ತಲೆ ಮೇಲೆ ಹೂವಿನ ಟೊಪ್ಪಿ, ಸೊಂಟಕ್ಕೆ ಬಾವುಟ. ಎರಡೂ ಕೈ ಅಗಲಿಸಿ ಹೂ ಸುತ್ತಿದ ಕೋಲು ಹಿಡಿದಿದ್ದ. ಕೈ ಇಳಿಸಿದರೆ ಮುಳ್ಳಿಗೆ ಮುಳ್ಳು ಅಂಟಿಕೊಂಡು ಬಿಡಿಸೋಕಾಗಲ್ಲವಂತೆ. ಅದಕ್ಕೇ ಅಕ್ಕಪಕ್ಕ ಇಬ್ಬರು ತೋಳಿಗೆ ಆಸರೆ.

— ಮಾತಾಡ್ತಾನಾ?

— ಇಲ್ಲ, ಮೌನ. ಬೆಳಗ್ಗೆ ಒಂಬತ್ತರ ಸುಮಾರಿಗೆ ಹೊರಟರೆ ಸಂಜೆ ಆರರವರೆಗೆ ಹನ್ನೊಂದು ಕಿಲೋಮೀಟರಿನಷ್ಟು ನಡಿಗೆ. ಕೂರೋ ಹಾಗಿಲ್ಲ. ಊರಿನ ಮನೆ ಮನೆ, ಅಂಗಡಿ ಅಂಗಡಿ ಮುಂದೆ ನಿಲ್ಲಿಸಿ ವಿಸ್ಕಿ ಕುಡಿಸ್ತಾರೆ. ಬಾಯಿಗೆ ಲೋಟ ತಾಗಿಸೋಕೆ ಆಗಲ್ಲ, ಹಾಗಾಗಿ ಸ್ಟ್ರಾ. ದಿನವಿಡೀ ವಿಸ್ಕಿ, ದಿನವಿಡೀ ನಡಿಗೆ, ಬಚ್ಚಲಿಗೆ ಹೋಗೋದು ದೊಡ್ಡ ಪಂಚಾಯ್ತಿ. ಬರಿಮ್ಯಾನ್ ಅಂತಾರೆ. ಆ ಊರಲ್ಲೇ ಹುಟ್ಟಿದವನಾಗಿರಬೇಕು ಅನ್ನೋದು ನಿಯಮ. ಮುಂದೆ ಮಕ್ಕಳು ಜೈಕಾರ ಹಾಕ್ತಾ ಓಡ್ತವೆ, ಹಿಂದೆ ಡಬ್ಬಿ ಹಿಡಿದು ಚಂದಾ ಎತ್ತೋರು. ಮಾರನೇ ದಿನ ಊರ ಜಾತ್ರೆ.

— ಯಾಕೆ ಮಾಡ್ತಾರಂತೆ?

— ಅದನ್ನೇ ಒಬ್ಬ ಅಜ್ಜಿಯನ್ನ ಕೇಳಿದೆ. ಯಾಕೆ ಅಂದರೆ, ಇವತ್ತು ಶುಕ್ರವಾರ ಅಲ್ವಾ ಅಂದರು!

— ಸರಿಯಾದ ಉತ್ತರ. ಇದು ನನಗೆ ವಿಚಿತ್ರ ಅಂತ ಅನ್ನಿಸ್ತಾನೇ ಇಲ್ಲಮ್ಮ. ಮಂಗಳೂರಿನ ದಸರೆಯಲ್ಲಿ ಮೈಗೆಲ್ಲ ಬಣ್ಣ ಬಳಿದುಕೊಂಡು, ಬಣ್ಣ ಒಣಗೋವರೆಗೆ ಕೋಲಿಗೆ ಕೈ ಆನಿಸಿ ನಿಲ್ಲೋ ಹುಲಿವೇಷದೋನನ್ನ ಕೇಳಿ ನೋಡು. ಇವನ ಕಷ್ಟ ಅವನಿಗೆ ಒಂದೇ ಏಟಿಗೆ ಅರ್ಥವಾಗುತ್ತೆ. ವಿಸ್ಕಿಯದೂ ಸೇರಿ.

— ಸ್ಮಶಾನದಲ್ಲಿ ಕಂಡದ್ದೊಂದಿದೆ. ಗ್ರೇಫ್ರಯರ್ಸ್ ಸ್ಮಶಾನದಲ್ಲಿ ಕೆಲವು ಗೋರಿಗಳ ಮೇಲೆ ದಪ್ಪ ಕಬ್ಬಿಣದ ಪಂಜರ ಕೂರಿಸಿ ಬೀಗ ಹಾಕಿದ್ದಾರೆ.

— ದೆವ್ವ ಎದ್ದು ಬರದ ಹಾಗೆ.

— ಎಲ್ಲರೂ ಹಾಗೇ ಅಂದುಕೊಳ್ಳೋದು. ಅದು ಒಳಗಿರೋನು ಹೊರಗೆ ಬರದ ಹಾಗಲ್ಲ, ಹೊರಗಿನೋರು ಒಳಗೆ ಹೋಗದ ಹಾಗೆ. ಆಗ ಎಡಿನ್‌ಬರೋ ವೈದ್ಯ ವಿದ್ಯೆಗೆ ದೊಡ್ಡ ಹೆಸರು. ಅಂಗರಚನೆ ಕಲಿಸೋರಿಗೆ ಹೆಣ ಸಾಲ್ತಿರಲಿಲ್ಲ, ಒಳ್ಳೇ ಬೆಲೆ ಕೊಡ್ತಿದ್ದರು. ಕಳ್ಳರು ರಾತ್ರಿ ಹೊಸ ಗೋರಿ ಅಗೆದು ಮಾರ್ತಿದ್ದರು. ಬರ್ಕ್, ಹೇರ್ ಅನ್ನೋ ಇಬ್ಬರು ಅಗೆಯೋ ಶ್ರಮವೇ ಬೇಡ ಅಂತ 1828ರಲ್ಲಿ ಹದಿನಾರು ಜನರನ್ನ ಕೊಂದೇ ಮಾರಿದರು. ಬರ್ಕ್‌ನನ್ನ ಗಲ್ಲಿಗೆ ಹಾಕಿ, ಅವನ ಹೆಣವನ್ನೂ ವಿದ್ಯಾರ್ಥಿಗಳ ಮುಂದೆ ಕೊಯ್ದರು. ಅಸ್ಥಿಪಂಜರ ಇವತ್ತಿಗೂ ವಿಶ್ವವಿದ್ಯಾನಿಲಯದಲ್ಲಿ ನಿಂತಿದೆ.

— ಲೆಕ್ಕ ಚುಕ್ತಾ!

— ಅದೇ ಸ್ಮಶಾನದಲ್ಲಿ ಇಂಗ್ಲಿಷಿನ ಅತ್ಯಂತ ಕೆಟ್ಟ ಕವಿ ಅಂತ ಹೆಸರಾದ ಮೆಕ್‌ಗೊನಗಲ್ ಇದ್ದಾನೆ. ಡಂಡಿ ಊರಿನ ನೇಕಾರ. ಸಭೆಯಲ್ಲಿ ಓದಿದರೆ ಮೊಟ್ಟೆ ಎಸೀತಿದ್ದರು. ರಾಣಿ ವಿಕ್ಟೋರಿಯಾಗೆ ಕವಿತೆ ಓದ್ತೀನಿ ಅಂತ 1878ರಲ್ಲಿ ಬಾಲ್ಮೋರಲ್ ಅರಮನೆಗೆ ನಡೆದೇ ಹೋದ. ಬಾಗಿಲಲ್ಲೇ ವಾಪಸ್ ಕಳಿಸಿದರು. ಬಡವನಾಗಿ ಸತ್ತ. ಈಗ ಅಲ್ಲಿ ಅವನಿಗೊಂದು ಫಲಕ ಇದೆ. ಅವನ ಕಾಲದ ಎಷ್ಟೋ ಒಳ್ಳೇ ಕವಿಗಳಿಗೆ ಅದೂ ಇಲ್ಲ.

— ಊರಿನ ಕವಿಗೋಷ್ಠಿಗಳಲ್ಲಿ ಇದನ್ನ ಹೇಳಬೇಡ, ಬಹಳ ಜನಕ್ಕೆ ಧೈರ್ಯ ಬಂದುಬಿಡುತ್ತೆ. ಮತ್ತೇನು?

— ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಕೋಟೆಯ ಮೇಲಿಂದ ಫಿರಂಗಿ ಹಾರಿಸ್ತಾರೆ. ಬೆಚ್ಚಿಬಿದ್ದು ಫೋನ್ ಬೀಳಿಸೋರೆಲ್ಲ ನಮ್ಮಂಥೋರು. ಊರವರು ತಲೆ ಎತ್ತಲ್ಲ, ಕೈಗಡಿಯಾರ ನೋಡ್ಕೋತಾರೆ. 1861ರಲ್ಲಿ ಹಡಗಿನವರಿಗೆ ಸಮಯ ತಿಳಿಸೋಕೆ ಶುರುಮಾಡಿದ್ದು. ಈಗ ಯಾವ ಹಡಗಿಗೂ ಬೇಕಿಲ್ಲ, ಆದರೂ ನಿಲ್ಲಿಸಿಲ್ಲ. ಹನ್ನೆರಡಕ್ಕೆ ಹಾರಿಸಿದರೆ ಹನ್ನೆರಡು ಗುಂಡು ಬೇಕು, ಒಂದಕ್ಕಾದರೆ ಒಂದೇ ಸಾಕು ಅಂತ ತಮ್ಮ ಜಿಪುಣತನಕ್ಕೆ ತಾವೇ ನಗ್ತಾರೆ.

— ದಸರೆಯ ಕುಶಾಲತೋಪು ದಿನಾ ಹಾರಿದ ಹಾಗೆ.

— ಫಿರಂಗಿ ಹೀಗೆ ಸೆಕೆಂಡಿನ ಲೆಕ್ಕದಲ್ಲಿ ಸತ್ಯ ಹೇಳಿದರೆ, ಕೋಟೆಯಿಂದ ಕಣ್ಣಳತೆಯಲ್ಲೇ ಸುಳ್ಳು ಹೇಳೋ ಗಡಿಯಾರ ಒಂದಿದೆ. ವೇವರ್ಲಿ ರೈಲು ನಿಲ್ದಾಣದ ಪಕ್ಕ ಬಾಲ್ಮೋರಲ್ ಅಂತ ಹೋಟೆಲು. 1902ರಲ್ಲಿ ರೈಲ್ವೆ ಕಂಪನಿಯೇ ಕಟ್ಟಿದ್ದು. ಅದರ ಗೋಪುರದ ಗಡಿಯಾರ ಆಗಿನಿಂದಲೂ ಮೂರು ನಿಮಿಷ ಮುಂದೆ. ಕೆಟ್ಟು ಹೋಗಿದ್ದಲ್ಲ, ಬೇಕಂತಲೇ ಹಾಗಿಟ್ಟದ್ದು. ರಸ್ತೆಯಲ್ಲಿ ನಡೆಯೋರು ಅದನ್ನ ನೋಡಿ ಗಾಬರಿಯಾಗಿ ಓಡಲಿ, ರೈಲು ತಪ್ಪಿಸಿಕೊಳ್ಳದೇ ಇರಲಿ ಅಂತ.

— ಊರವರಿಗೆಲ್ಲ ಗೊತ್ತಿದ್ದ ಮೇಲೆ ಏನು ಪ್ರಯೋಜನ? ಮನಸ್ಸಿನಲ್ಲಿ ಮೂರು ಕಳೆದುಕೊಂಡು ನಿಧಾನವಾಗಿಯೇ ಹೋಗ್ತಾರೆ.

— ಕೇಳಿದೆ. ಗೊತ್ತಿದ್ದರೂ ಓಡ್ತೀವಿ ಅಂದರು.

— ಪ್ರಾಮಾಣಿಕರು. ನಾನೂ ಹೋಗಿ ನೋಡೋದಾದರೆ ಯಾವಾಗ ಹೋಗಲಿ?

— ಮುಳ್ಳಿನ ಮನುಷ್ಯ ಬೇಕಾದರೆ ಆಗಸ್ಟಿನ ಎರಡನೇ ಶುಕ್ರವಾರಕ್ಕೆ ಅಲ್ಲಿರಿ. ವೆಲ್ಲೆಸ್ಲಿಯನ್ನ ಯಾವತ್ತು ಬೇಕಾದರೂ ನೋಡಬಹುದು. ಫಿರಂಗಿಗೆ ಭಾನುವಾರ ರಜೆ, ಗುಡ್ ಫ್ರೈಡೆ ಮತ್ತು ಕ್ರಿಸ್‌ಮಸ್ಸಿಗೂ ರಜೆ. ಆ ಗಡಿಯಾರವನ್ನ ಮಾತ್ರ ಡಿಸೆಂಬರ್ 31ರಂದು ಮೂರು ನಿಮಿಷ ಹಿಂದಕ್ಕೆ ತಿರುಗಿಸ್ತಾರೆ. ಹೊಸ ವರ್ಷ ಸರಿಯಾದ ಹೊತ್ತಿಗೆ ಬರಬೇಕಲ್ಲ, ಅದಕ್ಕೆ. ವರ್ಷದಲ್ಲಿ ಅದು ಸರಿಯಾದ ಸಮಯ ತೋರಿಸೋದು ಆ ಒಂದು ರಾತ್ರಿ.